ಬಿಟ್ಟ ಮೇಲೂ ಮಿದುಳಿನಲ್ಲಿ ಉಳಿಯುವ ಪಾಠ

(ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ ರಾಯಚೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದುವ ಮಕ್ಕಳು ಮುಂದಿನ ಸಾಲುಗಳಲ್ಲಿದ್ದೀರಿ. ಹಿಂದೆ ಅಪ್ಪ ಅಮ್ಮಂದಿರು ಕೂತಿದ್ದೀರಿ. ಸಿಂಧನೂರು, ದೇವದುರ್ಗ, ಲಿಂಗಸುಗೂರು ಕಡೆಯಿಂದ ಆಶಾ ಕಾರ್ಯಕರ್ತೆಯರು ಬಸ್ ಹತ್ತಿ ಬಂದಿದ್ದೀರಿ. ನಾನು ಫಾರ್ಮಕಾಲಜಿ ಪಾಠ ಮಾಡುವವಳು. ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಅನ್ನುವುದು ನನ್ನ ವಿಷಯ. ಜೂನ್ 26 ಬಂತು ಅಂದರೆ ಜಾಥಾ, ಪ್ರತಿಜ್ಞೆ, ಬ್ಯಾನರ್ ಎಲ್ಲ ಇರುತ್ತವೆ, ಇರಲಿ. ನನಗೆ ಕೊಟ್ಟ ಸಮಯದಲ್ಲಿ ನಾನು ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಡ್ರಗ್ಸ್ ಬಿಟ್ಟು ತಿಂಗಳುಗಟ್ಟಲೆ ಚೆನ್ನಾಗಿದ್ದ ಹುಡುಗ ಒಂದು ದಿನ ಇದ್ದಕ್ಕಿದ್ದಂತೆ ಯಾಕೆ ಮತ್ತೆ ಬೀಳುತ್ತಾನೆ?

ಮನೆಯವರು ಇದಕ್ಕೆ ಕೊಡುವ ಉತ್ತರ ನಿಮಗೆಲ್ಲ ಗೊತ್ತು. "ಅವನಿಗೆ ಬುದ್ಧಿನೇ ಬರಲಿಲ್ಲ." "ಮನಸ್ಸು ಗಟ್ಟಿ ಇಲ್ಲ." ನಾನು ಇವತ್ತು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಅವನ ಮಿದುಳು ಒಂದು ಪಾಠವನ್ನು ಬಹಳ ಚೆನ್ನಾಗಿ ಕಲಿತಿದೆ. ನಾವು ಮಗ್ಗಿ ಕಲಿಯುವುದಕ್ಕೆ, ಸೈಕಲ್ ಕಲಿಯುವುದಕ್ಕೆ ಯಾವ ವ್ಯವಸ್ಥೆ ಬಳಸುತ್ತೇವೋ ಅದೇ ವ್ಯವಸ್ಥೆಯಿಂದಲೇ ಕಲಿತಿದೆ. ಆ ವ್ಯವಸ್ಥೆಯ ಹೆಸರು ಗ್ಲುಟಮೇಟ್.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ನಮ್ಮ ಜಿಲ್ಲೆಯಲ್ಲಿ ನಶೆ ಅಂದ ಕೂಡಲೇ ನೆನಪಾಗುವುದು ಸೇಂದಿ. ಅದರಲ್ಲೂ ಸಿ.ಎಚ್. ಪೌಡರ್ ಕಲಬೆರಕೆಯ ಸೇಂದಿ. ಆ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಹೆಂಡ, ಸಾರಾಯಿ, ನಿದ್ದೆ ಮಾತ್ರೆ ಇವೆಲ್ಲ ಮಿದುಳಿನ ವೇಗ ಇಳಿಸುವ ಗುಂಪು. ನಾನು ಮಾತಾಡುವುದು ವೇಗ ಏರಿಸುವ ಗುಂಪಿನ ಬಗ್ಗೆ. ಕೊಕೇನ್, ಆಂಫೆಟಮೈನ್, ಮೆಥಾಂಫೆಟಮೈನ್. ಪೇಪರಿನಲ್ಲಿ ಬೆಂಗಳೂರಿನ ಸುದ್ದಿ ಓದುವಾಗ ಕಾಣುವ ಎಂಡಿಎಂಎ ಕೂಡ ಆಂಫೆಟಮೈನ್ ಮನೆತನದ್ದೇ.

ಇವು ನಮ್ಮ ಕಡೆ ಅಷ್ಟಾಗಿ ಇಲ್ಲವಲ್ಲ ಅಂತ ನೀವು ಕೇಳಬಹುದು. ನಿಜ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ಶೇ. 14.6. ಆಂಫೆಟಮೈನ್ ಮಾದರಿಯವನ್ನು ಬಳಸುವವರು ಶೇ. 0.18, ಕೊಕೇನ್ ಶೇ. 0.10. ಸಣ್ಣ ಸಂಖ್ಯೆ. ಆದರೆ ನಮ್ಮ ಮಕ್ಕಳು ಪಿಯುಸಿ ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಲಾರಿ ಓಡಿಸುವವರು, ರಾತ್ರಿ ಪಾಳಿಯವರು ಎಚ್ಚರವಾಗಿರಲು ಯಾರೋ ಕೊಟ್ಟ ಮಾತ್ರೆ ನುಂಗುತ್ತಾರೆ. ಹಾವಳಿ ಬಂದ ಮೇಲೆ ಕಲಿಯುವುದಕ್ಕಿಂತ ಈಗ ಕಲಿಯುವುದು ಲೇಸು.

ಈಗ ವಿಷಯಕ್ಕೆ ಬರೋಣ.

ಕುಡಿತದ ಬಗ್ಗೆ ಎಲ್ಲರಿಗೂ ಗೊತ್ತಿರುವ ಒಂದು ಮಾತಿದೆ. ಮೊದಲು ಒಂದು ಕ್ವಾರ್ಟರ್‌ಗೆ ಏರುತ್ತಿತ್ತು, ಈಗ ಎರಡು ಬೇಕು. ಮೈ ಒಗ್ಗಿಕೊಳ್ಳುತ್ತದೆ, ಪರಿಣಾಮ ಇಳಿಯುತ್ತದೆ. ಇದು ಟಾಲರೆನ್ಸ್. ಉತ್ತೇಜಕ ಡ್ರಗ್ಸ್‌ನಲ್ಲೂ ಇದು ಇದೆ, ತೆಗೆದುಕೊಂಡಾಗ ಆಗುವ ಖುಷಿ ಬರಬರುತ್ತಾ ಕಮ್ಮಿಯಾಗುತ್ತದೆ. ಆದರೆ ಅದರ ಜೊತೆಗೇ ಇನ್ನೊಂದು ವಿಚಿತ್ರ ನಡೆಯುತ್ತದೆ. ಕೆಲವು ಪರಿಣಾಮಗಳು ಕಮ್ಮಿಯಾಗುವ ಬದಲು ಪ್ರತಿ ಸಲವೂ ಜಾಸ್ತಿಯಾಗುತ್ತಾ ಹೋಗುತ್ತವೆ. ಅದೇ ಡೋಸ್, ಅದೇ ಪ್ರಾಣಿ, ಪ್ರತಿಕ್ರಿಯೆ ಮಾತ್ರ ದೊಡ್ಡದು. ಇದನ್ನು ಸೆನ್ಸಿಟೈಸೇಶನ್ ಎನ್ನುತ್ತೇವೆ.

ಇದು ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಹೇಳುತ್ತೇನೆ. ಒಂದು ಪಾರದರ್ಶಕ ಪೆಟ್ಟಿಗೆ. ಅದರ ಒಂದು ಗೋಡೆಯಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು. ಇಲಿ ನಡೆದಾಡಿದಂತೆಲ್ಲ ಕಿರಣ ಕಡಿಯುತ್ತದೆ, ಕಂಪ್ಯೂಟರ್ ಲೆಕ್ಕ ಇಡುತ್ತದೆ. ಮೊದಲ ದಿನ ಇಲಿಗೆ ಸ್ವಲ್ಪ ಆಂಫೆಟಮೈನ್ ಕೊಡುತ್ತಾರೆ. ಅದು ಗೋಡೆಯಂಚಿನಲ್ಲಿ ಸರಸರ ಓಡಾಡುತ್ತದೆ, ಆಗಾಗ ಹಿಂಗಾಲ ಮೇಲೆ ನಿಂತು ಮೂಸುತ್ತದೆ. ಒಂದೆರಡು ದಿನ ಬಿಟ್ಟು ಅಷ್ಟೇ ಡೋಸ್. ಓಟ ಜಾಸ್ತಿಯಾಗಿರುತ್ತದೆ. ಹೀಗೇ ನಾಲ್ಕೈದು ಸಲ ಆಗುವ ಹೊತ್ತಿಗೆ ಇಲಿಯ ನಡವಳಿಕೆಯೇ ಬೇರೆ. ಔಷಧ ಒಳಗೆ ಹೋಗಿ ಕೆಲವೇ ನಿಮಿಷದಲ್ಲಿ ಹುಚ್ಚೆದ್ದು ಓಡುತ್ತದೆ. ಡೋಸ್ ಸ್ವಲ್ಪ ಹೆಚ್ಚಿದ್ದರೆ ಓಟ ನಿಂತುಬಿಡುತ್ತದೆ. ಒಂದು ಮೂಲೆಯಲ್ಲಿ ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಅದೇ ಜಾಗವನ್ನು ಬಿಡದೆ ಮೂಸುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಬರೀ ಉಪ್ಪು ನೀರಿನ ಇಂಜೆಕ್ಷನ್ ತೆಗೆದುಕೊಂಡ ಇಲಿ ಮುದುಡಿ ಮಲಗಿರುತ್ತದೆ.

ಇಷ್ಟಾದ ಮೇಲೆ ಔಷಧ ನಿಲ್ಲಿಸುತ್ತಾರೆ. ವಾರಗಳು ಹೋಗುತ್ತವೆ, ತಿಂಗಳುಗಳು ಹೋಗುತ್ತವೆ. ಮೈಯಲ್ಲಿ ಔಷಧದ ಒಂದು ಕಣವೂ ಉಳಿದಿರುವುದಿಲ್ಲ. ಮತ್ತೆ ಅದೇ ಸಣ್ಣ ಡೋಸ್ ಕೊಟ್ಟರೆ ಇಲಿ ಹೊಸದರಂತೆ ವರ್ತಿಸುವುದಿಲ್ಲ, ನಿಲ್ಲಿಸಿದ ಜಾಗದಿಂದಲೇ ಶುರು ಮಾಡುತ್ತದೆ. 1991ರಲ್ಲಿ ಅಮೆರಿಕದ ಟೆರಿ ರಾಬಿನ್ಸನ್ ಮತ್ತು ಜೊತೆಗಾರರು ಒಂದು ವರ್ಷದ ನಂತರವೂ ಈ ಬದಲಾವಣೆ ಉಳಿದಿರುತ್ತದೆ ಎಂದು ತೋರಿಸಿದರು. ಇಲಿಯ ಆಯುಸ್ಸು ಎರಡು, ಮೂರು ವರ್ಷ ಅಷ್ಟೆ. ಒಂದು ವರ್ಷ ಅಂದರೆ ಅದಕ್ಕೆ ಎಷ್ಟು ದೊಡ್ಡ ಕಾಲ ಅಂತ ನೀವೇ ಯೋಚಿಸಿ.

ಇನ್ನೆರಡು ಸಂಗತಿ ಇಲ್ಲಿ ಮುಖ್ಯ. ಒಂದು, ಔಷಧವನ್ನು ಬಿಡುವಿಲ್ಲದೆ ಸತತವಾಗಿ ಹರಿಸಿದರೆ ಸೆನ್ಸಿಟೈಸೇಶನ್ ಸರಿಯಾಗಿ ಬರುವುದಿಲ್ಲ, ಟಾಲರೆನ್ಸ್ ಬರುತ್ತದೆ. ಬಿಟ್ಟು ಬಿಟ್ಟು ಕೊಟ್ಟರೆ ಬಲವಾಗಿ ಬರುತ್ತದೆ. "ನಾನೇನು ದಿನಾ ತಗೋತೀನಾ, ವೀಕೆಂಡ್ ಮಾತ್ರ" ಅನ್ನುವ ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ಎರಡು, ಔಷಧ ಕೊಟ್ಟ ಪೆಟ್ಟಿಗೆಯಲ್ಲೇ ಪರೀಕ್ಷೆ ಮಾಡಿದರೆ ಪರಿಣಾಮ ಎದ್ದು ಕಾಣುತ್ತದೆ. ಬೇರೆ ಜಾಗದಲ್ಲಿ ಮಾಡಿದರೆ ಎಷ್ಟೋ ಸಲ ಕಾಣುವುದೇ ಇಲ್ಲ. ಅಂದರೆ ಇಲಿ ಔಷಧವನ್ನಷ್ಟೇ ನೆನಪಿಟ್ಟುಕೊಂಡಿಲ್ಲ, ಜಾಗವನ್ನೂ ನೆನಪಿಟ್ಟುಕೊಂಡಿದೆ.

ಬಿಟ್ಟು ಬಿಟ್ಟು ಓದಿದರೆ ಚೆನ್ನಾಗಿ ನೆನಪುಳಿಯುತ್ತದೆ, ಜಾಗ ನೋಡಿದರೆ ಹಳೆಯದು ನೆನಪಾಗುತ್ತದೆ, ಒಮ್ಮೆ ಬಂದದ್ದು ವರ್ಷಗಟ್ಟಲೆ ಇರುತ್ತದೆ. ಇವೆಲ್ಲ ಕಲಿಕೆಯ ಲಕ್ಷಣಗಳು, ಅಲ್ವಾ? ಸಂಶೋಧಕರಿಗೂ ಇದೇ ಅನುಮಾನ ಬಂತು. ಆದರೆ ಅಲ್ಲಿಯವರೆಗೆ ಎಲ್ಲರ ಕಣ್ಣು ಇದ್ದದ್ದು ಡೋಪಮೈನ್ ಮೇಲೆ, ಅಂದರೆ ನರಕೋಶಗಳು ಸುದ್ದಿ ಕಳಿಸಲು ಬಳಸುವ ಇನ್ನೊಂದು ರಾಸಾಯನಿಕದ ಮೇಲೆ.

ಅದಕ್ಕೆ ಕಾರಣವೂ ಇತ್ತು. ಒಂದು ನರಕೋಶ ಡೋಪಮೈನ್ ಬಿಡುಗಡೆ ಮಾಡಿದ ಮೇಲೆ ಅದನ್ನು ವಾಪಸ್ ಎಳೆದುಕೊಳ್ಳುವ ಪಂಪ್ ಇರುತ್ತದೆ. ಕೊಕೇನ್ ಆ ಪಂಪ್ ಅನ್ನು ಮುಚ್ಚಿಬಿಡುತ್ತದೆ. ಆಂಫೆಟಮೈನ್ ಅದನ್ನು ಹಿಂದುಮುಂದಾಗಿ ತಿರುಗಿಸಿ ಡೋಪಮೈನ್ ಹೊರಕ್ಕೆ ಸುರಿಯುವಂತೆ ಮಾಡುತ್ತದೆ. ದಾರಿ ಬೇರೆ, ಫಲ ಒಂದೇ: ಡೋಪಮೈನ್ ಪ್ರವಾಹ. ಇಷ್ಟರಿಂದ ಔಷಧದ ನಶೆ ಯಾಕೆ ಅನ್ನುವುದು ಗೊತ್ತಾಗುತ್ತದೆ. ಪ್ರವಾಹ ಇಳಿದು ಒಂದು ವರ್ಷವಾದ ಮೇಲೂ ಗುರುತು ಯಾಕೆ ಉಳಿದಿದೆ ಅನ್ನುವುದು ಗೊತ್ತಾಗುವುದಿಲ್ಲ.

ಈಗ ಗ್ಲುಟಮೇಟ್. ಈ ಹೆಸರು ನಿಮಗೆ ಗೊತ್ತಿಲ್ಲದೆ ಇರಬಹುದು, ರುಚಿ ಗೊತ್ತು. ಗೋಬಿ ಮಂಚೂರಿ ಗಾಡಿಯಲ್ಲಿ ಹಾಕುವ ಟೇಸ್ಟಿಂಗ್ ಪೌಡರ್ ಅದರ ಉಪ್ಪೇ. 1866ರಲ್ಲಿ ಜರ್ಮನಿಯ ರಿಟ್‌ಹೌಸೆನ್ ಗೋಧಿಯ ಅಂಟಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿದ. 1908ರಲ್ಲಿ ಜಪಾನಿನ ಇಕೆಡಾ ಅದರ ರುಚಿ ಗುರುತಿಸಿದ. ಅದು ಮಿದುಳಿನ ನರಕೋಶಗಳನ್ನು ಕೆರಳಿಸುತ್ತದೆ ಅನ್ನುವುದು 1950ರ ನಂತರ ಗೊತ್ತಾದದ್ದು. ಹಾಗಂತ ಗೋಬಿ ತಿಂದರೆ ಮಿದುಳು ಕೆರಳುವುದಿಲ್ಲ, ಹೆದರಬೇಡಿ. ಊಟದ ಗ್ಲುಟಮೇಟ್ ಹೆಚ್ಚಿನದು ಕರುಳಿನಲ್ಲೇ ಖರ್ಚಾಗುತ್ತದೆ, ರಕ್ತದಿಂದ ಮಿದುಳಿಗೆ ಹೋಗಲು ತಡೆ ಇದೆ. ಮಿದುಳು ತನಗೆ ಬೇಕಾದ ಗ್ಲುಟಮೇಟ್ ತಾನೇ ತಯಾರಿಸಿಕೊಳ್ಳುತ್ತದೆ. ಒಂದು ನರಕೋಶ ಇನ್ನೊಂದಕ್ಕೆ "ಏಳು, ಸಿಗ್ನಲ್ ಕಳಿಸು" ಎಂದು ಹೇಳುವುದು ಬಹುಪಾಲು ಇದರಿಂದಲೇ.

ಗ್ಲುಟಮೇಟ್ ಬಂದು ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತೇವೆ. ಅದರಲ್ಲಿ ಹಲವು ಬಗೆ. ಇವತ್ತು ಮುಖ್ಯವಾಗಿ ಬೇಕಾದವು ಎರಡು, ಆಂಪಾ ಮತ್ತು ಎನ್‌ಎಂಡಿಎ. ಆಂಪಾ ಸರಳ. ಗ್ಲುಟಮೇಟ್ ತಾಗಿತು, ಬಾಗಿಲು ತೆರೆಯಿತು, ಸೋಡಿಯಂ ಒಳಗೆ ಹೋಯಿತು, ನರಕೋಶ ಎಚ್ಚರವಾಯಿತು. ದಿನನಿತ್ಯದ ಕೆಲಸವೆಲ್ಲ ಇದರದ್ದೇ.

ಎನ್‌ಎಂಡಿಎ ಹಾಗಲ್ಲ. ಬ್ಯಾಂಕಿನ ಲಾಕರ್ ನೋಡಿದ್ದೀರಲ್ಲ, ನಿಮ್ಮ ಕೀಲಿ ಒಂದೇ ಹಾಕಿದರೆ ತೆರೆಯುವುದಿಲ್ಲ, ಮ್ಯಾನೇಜರ್ ಕೀಲಿಯೂ ಬೀಳಬೇಕು. ಎನ್‌ಎಂಡಿಎ ಬಾಗಿಲೂ ಹಾಗೇ. ಅದರ ಕಂಡಿಯಲ್ಲಿ ಒಂದು ಮೆಗ್ನೀಸಿಯಂ ಅಯಾನು ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದು ಕೂತರೂ ಅದು ಅಲುಗುವುದಿಲ್ಲ. ಅದೇ ಹೊತ್ತಿಗೆ ನರಕೋಶ ಬೇರೆ ಕಡೆಯಿಂದಲೂ ಚೆನ್ನಾಗಿ ಎಚ್ಚೆತ್ತಿರಬೇಕು. ಆಗ ಮೆಗ್ನೀಸಿಯಂ ಜಾರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು 1984ರಲ್ಲಿ ಕಂಡುಹಿಡಿದರು. "ಎರಡು ಸಂಗತಿ ಒಟ್ಟಿಗೆ ನಡೆಯಿತು, ಬರೆದಿಟ್ಟುಕೋ" ಎಂದು ಕೋಶಕ್ಕೆ ತಿಳಿಸುವುದು ಈ ಕ್ಯಾಲ್ಸಿಯಂ. ಕೋಶ ಹೇಗೆ ಬರೆದಿಟ್ಟುಕೊಳ್ಳುತ್ತದೆ? ಆ ಸಂಪರ್ಕದ ಜಾಗಕ್ಕೆ ಇನ್ನಷ್ಟು ಆಂಪಾ ರಿಸೆಪ್ಟರ್‌ಗಳನ್ನು ತಂದು ಕೂರಿಸುತ್ತದೆ. ಮುಂದಿನ ಸಲ ಅಷ್ಟೇ ಗ್ಲುಟಮೇಟ್ ಬಂದರೂ ಸದ್ದು ಜೋರು. ಇಂಥ ಬಲವರ್ಧನೆಯನ್ನು 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ತೋರಿಸಿದ್ದರು. ಈಗ ಕಲಿಕೆಯ ಬಗ್ಗೆ ಯಾವ ಪುಸ್ತಕ ತೆರೆದರೂ ಅದರ ಮಾತು ಇರುತ್ತದೆ.

ಉತ್ತೇಜಕ ಡ್ರಗ್ಸ್ ಮತ್ತು ಎನ್‌ಎಂಡಿಎ ನಡುವಿನ ಸಂಬಂಧ ಸಿಕ್ಕಿದ್ದು 1989ರಲ್ಲಿ. ರಾಲ್ಫ್ ಕಾರ್ಲರ್ ಮತ್ತು ಜೊತೆಗಾರರು ಎಂಕೆ-801 ಎಂಬ ಔಷಧ ತೆಗೆದುಕೊಂಡರು. ಇದು ಎನ್‌ಎಂಡಿಎ ಬಾಗಿಲನ್ನು ಮುಚ್ಚುತ್ತದೆ. ಪ್ರತಿ ಸಲ ಕೊಕೇನ್ ಅಥವಾ ಆಂಫೆಟಮೈನ್ ಕೊಡುವ ಮೊದಲು ಇದನ್ನು ಕೊಟ್ಟರು. ಸೆನ್ಸಿಟೈಸೇಶನ್ ಬರಲೇ ಇಲ್ಲ. ಡೋಪಮೈನ್ ಪ್ರವಾಹಕ್ಕೇನೂ ಕೊರತೆ ಇರಲಿಲ್ಲ, ಆದರೂ ಪಾಠ ಮಾತ್ರ ಅಚ್ಚಾಗಲಿಲ್ಲ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ದಿಕ್ಕು ಬದಲಿಸಿದ ಪ್ರಯೋಗ ಇದು. ಎಂಕೆ-801 ತಾನೇ ಪ್ರಾಣಿಗಳ ಓಡಾಟವನ್ನು ಬದಲಿಸುತ್ತದೆ, ಹಾಗಾಗಿ ಫಲಿತಾಂಶ ಓದುವಾಗ ಹುಷಾರಾಗಿರಬೇಕು ಎಂದು ಕೆಲವರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿತ್ತು. ಆದರೆ ಬೇರೆ ಬೇರೆ ಎನ್‌ಎಂಡಿಎ ತಡೆಗಳಿಂದಲೂ ಇದೇ ಚಿತ್ರ ಮೂಡಿತು.

ಹಾಗಾದರೆ ಇದೇ ಮದ್ದು ಆಗಬಹುದಲ್ಲ ಅಂತ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾರೆ. ಎರಡು ಅಡ್ಡಿ. ಎನ್‌ಎಂಡಿಎ ಪೂರ್ತಿ ಮುಚ್ಚಿದರೆ ಮನುಷ್ಯನಿಗೆ ಭ್ರಮೆ ಬರುತ್ತದೆ, ಹೊಸದೇನೂ ನೆನಪುಳಿಯುವುದಿಲ್ಲ. ಎರಡನೆಯದು ಇನ್ನೂ ಗಟ್ಟಿ ಅಡ್ಡಿ. ಸೆನ್ಸಿಟೈಸೇಶನ್ ಆಗಿಹೋದ ಮೇಲೆ ಎಂಕೆ-801 ಕೊಟ್ಟು ಪ್ರಯೋಜನ ಕಾಣಲಿಲ್ಲ. ಬರೆಯುವಾಗ ಬೇಕಾದದ್ದು ಎನ್‌ಎಂಡಿಎ. ಬರೆದದ್ದನ್ನು ಓದಿ ಹೇಳುವಾಗ ಹೆಚ್ಚು ಕೆಲಸ ಆಂಪಾದ್ದು. ಆಸ್ಪತ್ರೆಗೆ ಬರುವವನು ಬರೆದು ಮುಗಿದ ಮೇಲೆ ತಾನೇ ಬರುವುದು?

ಈ ಬರವಣಿಗೆ ಮಿದುಳಿನ ಎಲ್ಲಿ ನಡೆಯುತ್ತದೆ? ಎರಡು ಜಾಗ ನೆನಪಿಟ್ಟುಕೊಳ್ಳಿ. ಒಂದು ವಿಟಿಎ, ಮಿದುಳಿನ ನಡುಭಾಗದಲ್ಲಿರುವ ಡೋಪಮೈನ್ ಕೋಶಗಳ ಸಣ್ಣ ಗುಂಪು. ಇನ್ನೊಂದು ನ್ಯೂಕ್ಲಿಯಸ್ ಅಕಂಬೆನ್ಸ್, ಆ ಡೋಪಮೈನ್ ಹೋಗಿ ಸೇರುವ ಜಾಗ. ಆಂಫೆಟಮೈನ್ ಅನ್ನು ಸೂಜಿಯಿಂದ ನೇರವಾಗಿ ವಿಟಿಎಗೆ ಹಲವು ಸಲ ಕೊಟ್ಟರೆ ಇಡೀ ಪ್ರಾಣಿ ಸೆನ್ಸಿಟೈಸ್ ಆಗುತ್ತದೆ. ಅಕಂಬೆನ್ಸ್‌ಗೆ ಕೊಟ್ಟರೆ ಆ ಹೊತ್ತಿಗೆ ಓಡಾಡುತ್ತದೆ, ಆದರೆ ಗುರುತು ಉಳಿಯುವುದಿಲ್ಲ. ಅಂದರೆ ಶುರುವಾಗುವುದು ವಿಟಿಎಯಲ್ಲಿ. ಪೀಟರ್ ಕಲಿವಾಸ್ 1993ರಲ್ಲಿ ವಿಟಿಎಯೊಳಗೆ ಎನ್‌ಎಂಡಿಎ ತಡೆದು, ಕೊಕೇನ್ ಸೆನ್ಸಿಟೈಸೇಶನ್ ನಿಲ್ಲುವುದನ್ನು ತೋರಿಸಿದರು.

2001ರಲ್ಲಿ ಬಂದ ಒಂದು ಫಲಿತಾಂಶ ನನ್ನನ್ನು ಇವತ್ತಿಗೂ ಕಾಡುತ್ತದೆ. ಮಾರ್ಕ್ ಅಂಗ್ಲೆಸ್, ಆಂಟೊನೆಲ್ಲೊ ಬೊಂಚಿ ಮತ್ತು ಜೊತೆಗಾರರು ಇಲಿಮರಿಗಳಿಗೆ ಕೊಕೇನ್ ಕೊಟ್ಟದ್ದು ಒಂದೇ ಒಂದು ಸಲ. ಮರುದಿನ ವಿಟಿಎ ತೆಗೆದು ಡೋಪಮೈನ್ ಕೋಶಗಳ ಮೇಲಿನ ಗ್ಲುಟಮೇಟ್ ಸಂಪರ್ಕ ಅಳೆದರು. ಎನ್‌ಎಂಡಿಎಗೆ ಹೋಲಿಸಿದರೆ ಆಂಪಾದ ಬಲ ಏರಿತ್ತು. ಐದು ದಿನದ ನಂತರವೂ ಏರಿಯೇ ಇತ್ತು, ಹತ್ತನೆಯ ದಿನಕ್ಕೆ ಇಳಿದಿತ್ತು. ಒಂದೇ ಡೋಸ್, ಐದು ದಿನದ ಗುರುತು. "ಒಂದ್ಸಲ ಟ್ರೈ ಮಾಡಿದ್ರೆ ಏನಾಗುತ್ತೆ" ಅನ್ನುವ ಮಾತಿಗೆ ನಾನು ಯಾವಾಗಲೂ ಈ ಪ್ರಯೋಗವನ್ನೇ ಹೇಳುತ್ತೇನೆ. ಒಂದು ಸಲಕ್ಕೆ ಯಾರೂ ವ್ಯಸನಿ ಆಗುವುದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಆದರೆ ಒಂದು ಸಲವನ್ನು ಮಿದುಳು ಗಮನಿಸದೆ ಬಿಡುವುದಿಲ್ಲ.

ಎರಡು ವರ್ಷದ ನಂತರ, 2003ರಲ್ಲಿ, ಇದಕ್ಕೆ ಇನ್ನೊಂದು ಕೊಂಡಿ ಸೇರಿತು. ಕೊಕೇನ್ ಅಷ್ಟೇ ಅಲ್ಲದೆ ಆಂಫೆಟಮೈನ್, ಮಾರ್ಫಿನ್, ನಿಕೋಟಿನ್, ಮದ್ಯ ಎಲ್ಲವೂ ಅದೇ ಜಾಗದಲ್ಲಿ ಅದೇ ಬದಲಾವಣೆ ತಂದವು. ಔಷಧವೇ ಇಲ್ಲದೆ, ಪ್ರಾಣಿಯನ್ನು ತಣ್ಣೀರಿನಲ್ಲಿ ಈಜಿಸಿ ಒತ್ತಡಕ್ಕೆ ಒಳಪಡಿಸಿದಾಗಲೂ ಅದೇ ಆಯಿತು. ಒತ್ತಡದ ಹಾರ್ಮೋನಿನ ದಾರಿ ಮುಚ್ಚಿದರೆ ತಣ್ಣೀರಿನ ಪರಿಣಾಮ ನಿಂತಿತು, ಕೊಕೇನಿನದು ನಿಲ್ಲಲಿಲ್ಲ. ಮನೆಯಲ್ಲಿ ದಿನಾ ಜಗಳ, ಬೈಗುಳ, "ನಿನ್ನಿಂದ ಮರ್ಯಾದೆ ಹೋಯ್ತು" ಅನ್ನುವ ಮಾತು ಇವೆಲ್ಲ ಬಿಟ್ಟವನನ್ನು ಎತ್ತ ತಳ್ಳಬಹುದು ಅನ್ನುವುದಕ್ಕೆ ಇದು ಒಂದು ಸುಳಿವು. ಇಲಿಯ ಫಲಿತಾಂಶವನ್ನು ಸೀದಾ ಮನೆಗೆ ತರಬಾರದು, ಒಪ್ಪುತ್ತೇನೆ. ಆದರೆ ಒತ್ತಡ ಬಂದಾಗ ಮತ್ತೆ ಬೀಳುವುದನ್ನು ವೈದ್ಯರು ದಿನಾ ನೋಡುತ್ತಾರೆ.

ವಿಟಿಎಯಲ್ಲಿ ಶುರುವಾದದ್ದು ನಿಧಾನಕ್ಕೆ ಅಕಂಬೆನ್ಸ್‌ಗೆ ಸಾಗುತ್ತದೆ. ಅಲ್ಲಿಗೆ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಿಂದ, ನೆನಪಿನ ಹಿಪೊಕ್ಯಾಂಪಸ್‌ನಿಂದ, ಭಯ ಮತ್ತು ಆಸೆಯ ಅಮಿಗ್ಡಲದಿಂದ ಗ್ಲುಟಮೇಟ್ ತಂತುಗಳು ಬರುತ್ತವೆ. ಜಾಗ, ಜನ, ವಾಸನೆ, ಫೋನ್ ರಿಂಗ್ ಇವೆಲ್ಲದರ ಸುದ್ದಿ ಈ ತಂತುಗಳ ಮೂಲಕವೇ ತಲುಪುತ್ತದೆ. ಬೌಡ್ರೂ ಮತ್ತು ಮರೀನಾ ವುಲ್ಫ್ 2005ರಲ್ಲಿ ನೋಡಿದ್ದೇನೆಂದರೆ, ಕೊಕೇನ್‌ಗೆ ಸೆನ್ಸಿಟೈಸ್ ಆದ ಇಲಿಗಳಲ್ಲಿ, ಬಿಟ್ಟು ಕೆಲವು ವಾರಗಳಾದ ಮೇಲೆ, ಅಕಂಬೆನ್ಸ್ ಕೋಶಗಳ ಮೈಮೇಲೆ ಆಂಪಾ ರಿಸೆಪ್ಟರ್‌ಗಳು ಜಾಸ್ತಿಯಾಗಿದ್ದವು. ಆಂಫೆಟಮೈನ್‌ನಲ್ಲಿ ಹೀಗೇ ಆಗುತ್ತದೆ ಎಂದುಕೊಂಡು ನೋಡಿದರೆ, ಅಲ್ಲಿ ಆ ಏರಿಕೆ ಸಿಗಲಿಲ್ಲ. ಎಲ್ಲ ಉತ್ತೇಜಕಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ಇನ್ನೊಂದು ತೊಡಕನ್ನೂ ಮುಚ್ಚಿಡಬಾರದು. 2008ರಲ್ಲಿ ಡೋಪಮೈನ್ ಕೋಶಗಳಿಂದ ಮಾತ್ರ ಎನ್‌ಎಂಡಿಎ ರಿಸೆಪ್ಟರ್ ತೆಗೆದುಹಾಕಿದ ಇಲಿಗಳನ್ನು ಪರೀಕ್ಷಿಸಿದರು. ಸೆನ್ಸಿಟೈಸೇಶನ್ ಆದರೂ ಬಂತು. ಬದಲಾದದ್ದು ಬಿಟ್ಟ ಮೇಲೆ ಕೊಕೇನ್ ಹುಡುಕುವ ಹಟ. ಹಾಗಾಗಿ "ಈ ಒಂದು ರಿಸೆಪ್ಟರ್, ಈ ಒಂದು ಕೋಶ, ಇಷ್ಟೇ ವಿಷಯ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗ್ಲುಟಮೇಟ್ ಇಲ್ಲದೆ ಈ ಕಥೆ ನಡೆಯುವುದಿಲ್ಲ, ಆದರೆ ಅದು ಹಲವು ಜಾಗಗಳಲ್ಲಿ ಹಂಚಿಹೋಗಿದೆ.

ಮನೆಯವರು ಅತಿ ಮುಖ್ಯವಾಗಿ ಕೇಳಬೇಕಾದ ಭಾಗ ಈಗ ಬರುತ್ತದೆ. ಬಿಟ್ಟು ದಿನ ಕಳೆದಂತೆ ಆಸೆ ಇಳಿಯುತ್ತಾ ಹೋಗುತ್ತದೆ ಎಂದು ನಾವು ಸುಮ್ನೆ ನಂಬಿಕೊಂಡಿದ್ದೇವೆ. 2001ರಲ್ಲಿ ಗ್ರಿಮ್, ಶಹಾಮ್ ಮತ್ತು ಸಂಗಡಿಗರು ತಾವೇ ಸನ್ನೆ (ಲಿವರ್) ಒತ್ತಿ ಕೊಕೇನ್ ತೆಗೆದುಕೊಳ್ಳಲು ಕಲಿತ ಇಲಿಗಳನ್ನು ನೋಡಿದರು. ಕೊಕೇನ್ ನಿಲ್ಲಿಸಿ, ಬೇರೆ ಬೇರೆ ದಿನಗಳಲ್ಲಿ ಅದೇ ದೀಪ, ಅದೇ ಶಬ್ದ ಕೊಟ್ಟು, ಎಷ್ಟು ಸಲ ಸನ್ನೆ ಒತ್ತುತ್ತವೆ ಎಂದು ಎಣಿಸಿದರು. ಮೊದಲ ದಿನಗಳಿಗಿಂತ ತಿಂಗಳು, ಎರಡು ತಿಂಗಳ ನಂತರ ಜಾಸ್ತಿ ಒತ್ತಿದವು. ಆಸೆ ಕಾವು ಕೂತು ಬೆಳೆದಿತ್ತು. 2008ರಲ್ಲಿ ವುಲ್ಫ್ ಗುಂಪು ಇದರ ಹಿಂದಿನ ರಿಸೆಪ್ಟರ್ ಹುಡುಕಿತು. ಸಾಮಾನ್ಯವಾಗಿ ಆಂಪಾ ಬಾಗಿಲಿನಲ್ಲಿ ಗ್ಲುಎ2 ಎಂಬ ಒಂದು ತುಂಡು ಇರುತ್ತದೆ, ಅದು ಕ್ಯಾಲ್ಸಿಯಂ ಒಳಗೆ ಬರದಂತೆ ತಡೆಯುತ್ತದೆ. ಬಿಟ್ಟು ಒಂದೂವರೆ ತಿಂಗಳಾದ ಇಲಿಗಳ ಅಕಂಬೆನ್ಸ್‌ನಲ್ಲಿ ಆ ತುಂಡೇ ಇಲ್ಲದ ಹೊಸ ಆಂಪಾ ರಿಸೆಪ್ಟರ್‌ಗಳು ಬಂದು ಕೂತಿದ್ದವು. ಇವು ಹೆಚ್ಚು ಬಲದವು, ಕ್ಯಾಲ್ಸಿಯಂ ಬಿಡುವಂಥವು. ಇವನ್ನು ತಡೆದಾಗ ಆ ಹೆಚ್ಚಿದ ಹುಡುಕಾಟ ಇಳಿಯಿತು.

ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹಾಳಾದ, ಊರಿಗೆ ಕರೆದುಕೊಂಡು ಬಂದಿರಿ. ಮೊದಲ ಎರಡು ವಾರ ಮನೆಯವರೆಲ್ಲ ಕಾವಲು. ಬರೀ ನಿದ್ದೆ ಮಾಡುತ್ತಾನೆ, ಮಂಕಾಗಿರುತ್ತಾನೆ. ತಿಂಗಳು ಕಳೆಯುತ್ತದೆ, ಊಟ ಮಾಡುತ್ತಾನೆ, ಹೊಲಕ್ಕೆ ಹೋಗುತ್ತಾನೆ, ನಗುತ್ತಾನೆ. ಎರಡನೇ ತಿಂಗಳಿಗೆ "ಈಗ ಸರಿ ಆದ" ಅಂತ ಮೊಬೈಲ್, ಹಣ ಎಲ್ಲ ಕೊಟ್ಟು ಅದೇ ರೂಮಿಗೆ, ಅದೇ ಗೆಳೆಯರ ನಡುವೆ ವಾಪಸ್ ಕಳಿಸುತ್ತೀರಿ. ಕಾವಲು ತೆಗೆದದ್ದು ಯಾವ ಹೊತ್ತಿಗೆ ಗಮನಿಸಿದಿರಾ? ಮನುಷ್ಯರಲ್ಲೂ ಇಲಿಯಂತೆ ನಲವತ್ತೈದನೇ ದಿನವೇ ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲ್ನೋಟಕ್ಕೆ ಚೆನ್ನಾಗಿ ಕಾಣುವ ಆ ತಿಂಗಳುಗಳಲ್ಲೇ ಹಳೆಯ ಜಾಗ, ಹಳೆಯ ನಂಬರ್ ಅಪಾಯಕಾರಿ.

ಇದೆಲ್ಲ ಇಲಿಯ ಮಾತಾಯಿತು, ಮನುಷ್ಯರಲ್ಲಿ ಏನಿದೆ? ಜಪಾನಿನ ಅನುಭವ ದೊಡ್ಡದು. ಅಲ್ಲಿ 1941ರಿಂದ ಹಿರೊಪಾನ್ ಎಂಬ ಹೆಸರಿನಲ್ಲಿ ಮೆಥಾಂಫೆಟಮೈನ್ ಮಾರುತ್ತಿದ್ದರು. ಯುದ್ಧ ಮುಗಿದ ಮೇಲೆ ಅದು ಬೀದಿಗೆ ಹರಿಯಿತು. 1951ರಲ್ಲಿ ಕಾನೂನು ತಂದರು. 1954ರ ಒಂದೇ ವರ್ಷ 55 ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅಲ್ಲಿನ ಮನೋವೈದ್ಯರು ಒಂದು ವಿಷಯ ಗಮನಿಸಿದರು. ಮೆಥಾಂಫೆಟಮೈನ್‌ನಿಂದ ಒಮ್ಮೆ ಚಿತ್ತವಿಕಾರ ಬಂದವರು, ಯಾರೋ ಬೆನ್ನಟ್ಟುತ್ತಿದ್ದಾರೆ ಅನ್ನುವ ಭ್ರಮೆ ಬಂದವರು, ಗುಣವಾಗಿ ಎಷ್ಟೋ ಕಾಲ ದೂರವಿದ್ದರೂ, ಆಮೇಲೆ ಸ್ವಲ್ಪವೇ ತೆಗೆದುಕೊಂಡರೂ ಅದೇ ಭ್ರಮೆ ಥಟ್ಟನೆ ಮರಳುತ್ತಿತ್ತು. ಕೆಲವರಿಗೆ ಒತ್ತಡ ಒಂದೇ ಸಾಕಾಗುತ್ತಿತ್ತು. ಇಲಿಯ ಪೆಟ್ಟಿಗೆಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ.

2006ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಗಂಡಸರಿಗೆ ಆಸ್ಪತ್ರೆಯ ನಿಗಾದಲ್ಲಿ ಮೂರು ಸಲ ಆಂಫೆಟಮೈನ್ ಕೊಟ್ಟು, ಎರಡು ವಾರದ ನಂತರ ಮತ್ತು ಒಂದು ವರ್ಷದ ನಂತರ, ಮಿದುಳಿನ ರಾಸಾಯನಿಕ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಅದೇ ಡೋಸ್‌ಗೆ ಡೋಪಮೈನ್ ಮೊದಲಿಗಿಂತ ಹೆಚ್ಚು ಹೊರಬಂತು, ವರ್ಷದ ನಂತರವೂ. ಇದಕ್ಕೆ ಎದುರಾದ ಸಾಕ್ಷ್ಯವೂ ಇದೆ. ವರ್ಷಗಟ್ಟಲೆ ಕೊಕೇನ್ ಬಳಸಿ ಬಿಟ್ಟವರಲ್ಲಿ ಅಮೆರಿಕದ ಸಂಶೋಧಕಿ ನೋರಾ ವೋಲ್ಕೊ ಅಳೆದಾಗ ಉತ್ತೇಜಕ ಕೊಟ್ಟರೆ ಬರುವ ಡೋಪಮೈನ್ ಕಮ್ಮಿ ಇತ್ತು. ಆದರೆ ಇನ್ನೊಂದು ಅಧ್ಯಯನದಲ್ಲಿ ಕೊಕೇನ್ ವ್ಯಸನಿಗಳಿಗೆ ಕೊಕೇನ್ ಸೇದುವ ವಿಡಿಯೋ ತೋರಿಸಿದಾಗ ಡೋಪಮೈನ್ ಏರಿತು, ಆಸೆಯೂ ಏರಿತು. ಔಷಧಕ್ಕಿಂತ ಔಷಧದ ಸೂಚನೆಯೇ ಮಿದುಳನ್ನು ಹೆಚ್ಚು ಎಬ್ಬಿಸುವ ಸ್ಥಿತಿ. ರಾಬಿನ್ಸನ್ ಮತ್ತು ಬೆರಿಡ್ಜ್ 1993ರಲ್ಲೇ ಬರೆದಿದ್ದು ಇದನ್ನೇ. ಸೆನ್ಸಿಟೈಸ್ ಆಗುವುದು ಬೇಕು ಅನ್ನುವ ಸೆಳೆತ. ಅದರಿಂದ ಸಿಗುವ ಖುಷಿ ಹಾಗೆ ಬೆಳೆಯುವುದಿಲ್ಲ. "ಅದ್ರಲ್ಲಿ ಈಗ ಮಜಾನೇ ಇಲ್ಲ, ಆದ್ರೂ ಬಿಡೋಕೆ ಆಗಲ್ಲ" ಎಂದು ಒಬ್ಬ ಹೇಳಿದರೆ ಅವನು ನಾಟಕ ಮಾಡುತ್ತಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ವೈದ್ಯರು ಕೊಡುವ ಮಿಥೈಲ್‌ಫೆನಿಡೇಟ್ ಕೂಡ ಉತ್ತೇಜಕವೇ. ನನ್ನ ಮಾತು ಕೇಳಿ ಅದನ್ನು ನಿಲ್ಲಿಸಬೇಡಿ. ಬಾಯಿಂದ ಸಣ್ಣ ಪ್ರಮಾಣದಲ್ಲಿ, ನಿಧಾನವಾಗಿ ಏರುವಂತೆ ಕೊಡುವ ಆ ಚಿಕಿತ್ಸೆಯಿಂದ ಮುಂದೆ ವ್ಯಸನ ಹೆಚ್ಚಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಬರೆದದ್ದನ್ನು ಅಳಿಸಬಹುದೇ? 2012ರಲ್ಲಿ ಜಿನೀವಾದ ಕ್ರಿಶ್ಚಿಯನ್ ಲೂಷರ್ ಪ್ರಯೋಗಾಲಯ ಇಲಿಗಳಲ್ಲಿ ಅಳಿಸಿ ತೋರಿಸಿತು. ಕೊಕೇನ್‌ನಿಂದ ಬಲಗೊಂಡ ಕಾರ್ಟೆಕ್ಸ್-ಅಕಂಬೆನ್ಸ್ ಸಂಪರ್ಕಕ್ಕೆ ಬೆಳಕಿನಿಂದ ಸೆಕೆಂಡಿಗೆ ಒಂದರಂತೆ ಹತ್ತು ನಿಮಿಷ ಮಿಡಿತ ಕೊಟ್ಟರು. ಸಂಪರ್ಕ ಹಳೆಯ ಮಟ್ಟಕ್ಕೆ ಇಳಿಯಿತು, ಸೆನ್ಸಿಟೈಸೇಶನ್ ಮಾಯವಾಯಿತು. ಕೋಶಗಳಿಗೆ ಬೆಳಕಿಗೆ ಸ್ಪಂದಿಸುವ ಜೀನ್ ಸೇರಿಸಿ, ತಲೆಗೆ ಬೆಳಕು ಸಾಗಿಸುವ ನಾರು ತೂರಿಸಿ ಮಾಡಿದ ಕೆಲಸ ಅದು, ಮನುಷ್ಯರಿಗೆ ಹಾಗೇ ಆಗುವಂಥದ್ದಲ್ಲ. ಆದರೆ ಈ ಗುರುತು ಶಾಶ್ವತ ಅಲ್ಲ ಅನ್ನುವುದು ಗೊತ್ತಾಯಿತು. ಆ ಫಲಿತಾಂಶ ಓದಿದ ದಿನ ನನಗೆ ನಿಜಕ್ಕೂ ಸಂತೋಷವಾಗಿತ್ತು. ಗ್ಲುಟಮೇಟ್ ಸಮತೋಲ ಸರಿಪಡಿಸುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ಜನರಲ್ಲಿ ಫಲಿತಾಂಶ ಮಿಶ್ರ. ಮೆಥಾಂಫೆಟಮೈನ್ ವ್ಯಸನಕ್ಕೆ ನ್ಯಾಲ್ಟ್ರೆಕ್ಸೋನ್ ಮತ್ತು ಬುಪ್ರೊಪಿಯಾನ್ ಎಂಬ ಔಷಧಗಳ ಜೋಡಿಯನ್ನು 2021ರಲ್ಲಿ ಪರೀಕ್ಷಿಸಿದಾಗ ಶೇ. 13.6 ಜನರಿಗೆ ಉಪಯೋಗವಾಯಿತು, ಔಷಧವಿಲ್ಲದ ಹುಸಿ ಮದ್ದು ಪಡೆದವರಲ್ಲಿ ಶೇ. 2.5. ಸದ್ಯಕ್ಕೆ ಇರುವುದರಲ್ಲಿ ಹೆಚ್ಚು ಗಟ್ಟಿ ಸಾಕ್ಷ್ಯ ಇರುವುದು ಔಷಧಕ್ಕಲ್ಲ, ಒಂದು ಪದ್ಧತಿಗೆ. ಮೂತ್ರ ಪರೀಕ್ಷೆ ಶುದ್ಧವಾಗಿ ಬಂದಾಗಲೆಲ್ಲ ಕೂಡಲೇ ಒಂದು ಬಹುಮಾನ. ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ. ಕಲಿತದ್ದರ ಎದುರು ಹೊಸ ಕಲಿಕೆ ನಿಲ್ಲಿಸುವುದು ಅದು, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ.

ಕೊನೆಗೆ ನಮ್ಮ ಊರಿನಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದು. ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸ್‌ನ ಮನೋವೈದ್ಯ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಆಶಾ ಅಕ್ಕಂದಿರು ನಿಮ್ಮ ಆಸ್ಪತ್ರೆಯ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416, ವ್ಯಸನ ಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಎಷ್ಟೋ ಮನೆಯವರು ಮಗನನ್ನು ಆಸ್ಪತ್ರೆಗೆ ತರುವುದಿಲ್ಲ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಬಳಕೆ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡದೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಈ ಸೆಕ್ಷನ್ ನಂಬರ್ ಬರೆದುಕೊಳ್ಳಿ, ನಾಲ್ಕು ಮನೆಗೆ ತಿಳಿಸಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದವರು ಈಗ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚ ಇದ್ದರೆ ಹೆಸರಿಲ್ಲದೆ ಚೀಟಿ ಬರೆದು ಮುಂದಕ್ಕೆ ಕಳಿಸಿ, ಓದಿ ಉತ್ತರಿಸುತ್ತೇನೆ.